ಬೋಗುಣಿಯ ಅಡಿಯಲ್ಲಿ ಕೆಂಪು

"ಅದು ನಮ್ಮದೇ, ನಮ್ಮದೇ! ತಿರುಗಿಸಿ ನೋಡಿ, ಅಡೀಲಿ ಕೆಂಪು ಗುರುತಿದೆ," ಎಂದು ನಾಗವೇಣಮ್ಮ ಬಾಗಿಲಿನಿಂದಲೇ ಕೂಗಿ ಹೇಳಿದರು.

ಕನ್ನಡ ಸಂಘದ ಯುಗಾದಿ ಊಟ ಮುಗಿದಿತ್ತು. ಅಡಿಲೇಡಿನ ಆ ಬಾಡಿಗೆ ಹಾಲಿನ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳು ರಾಶಿ ಬಿದ್ದಿದ್ದವು. ಕಂದು ಬಣ್ಣದ ಮಣ್ಣಿನ ಬೋಗುಣಿಯೊಂದನ್ನು ಹಿಡಿದು ನಿಂತಿದ್ದವನು ಅವರ ಅಳಿಯ ಪವನ. ತಿರುಗಿಸಿ ನೋಡಿದ. ಅಡಿಯ ನಡುವೆ ಕೆಂಪು ನೇಲ್ ಪಾಲಿಶ್ ದಪ್ಪಗೆ ಮೆತ್ತಿಕೊಂಡಿತ್ತು. ಅವನ ಮುಖ ಬಿಳಿಚಿಕೊಂಡಿತು. "ಸರಿ ಅತ್ತೆ," ಎಂದಷ್ಟೇ ಹೇಳಿ, ಬೋಗುಣಿಯನ್ನು ಜಾಕೆಟ್ಟಿನಲ್ಲಿ ಸುತ್ತಿಕೊಂಡು ಕಾರಿನ ಕಡೆ ನಡೆದ.

ನಾಗವೇಣಮ್ಮನಿಗೆ ಇದು ಅರ್ಥವಾಗಲಿಲ್ಲ. ಮೈಸೂರಿನಲ್ಲಿ ಅವರ ಪಾತ್ರೆಗಳು ಯಾರ ಮನೆಯ ಮದುವೆ, ನಾಮಕರಣಕ್ಕೆ ಹೋಗಿ ಬಂದಿಲ್ಲ! ಒಂದು ಸೌಟೂ ಕಳೆದದ್ದಿಲ್ಲ. ಸ್ಟೀಲಿನದಕ್ಕೆ ಹೆಸರು ಕೆತ್ತಿಸುವುದು, ಮಿಕ್ಕಿದ್ದಕ್ಕೆಲ್ಲ ನೇಲ್ ಪಾಲಿಶ್. ಅಳಿಯ ಶಹಬ್ಬಾಸ್ ಅನ್ನದಿದ್ದರೆ ಹೋಗಲಿ, ಮುಖ ಯಾಕೆ ಹಾಗೆ ಮಾಡಬೇಕು? ಗ್ಲೆನೆಲ್ಗ್‌ನ ಕಡಲ ದಂಡೆಯ ಮನೆ ತಲುಪುವವರೆಗೂ ಅವರು ಅದನ್ನೇ ಯೋಚಿಸುತ್ತಿದ್ದರು.

ಮನೆಗೆ ಬಂದ ಮೇಲೆ ಮಗಳು ಅನನ್ಯಾ ಅವರನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಶೆಲ್ಫಲ್ಲಿರೋದನ್ನ ಯಾಕೆ ಮುಟ್ಟಿದೆ?"

"ಪಾತ್ರೆಯೆಲ್ಲಾ ಚಿತ್ರಾನ್ನ, ಒಬ್ಬಟ್ಟಿಗೆ ಹೋಗಿತ್ತು ಕಣೇ. ಕೋಸಂಬರಿಗೆ ಏನೂ ಇರ್ಲಿಲ್ಲ. ಒಳ್ಳೇದನ್ನ ಮುಟ್ಟಬಾರದು ಅಂತ, ಇರೋದ್ರಲ್ಲಿ ಕುರೂಪವಾಗಿರೋದನ್ನೇ ಆರಿಸಿ ತಗೊಂಡೆ."

ಅನನ್ಯಾ ಹಣೆ ಹಿಡಿದುಕೊಂಡಳು. ಗಂಡನ ಹುಚ್ಚನ್ನು ತಾಯಿಗೆ ವಿವರಿಸಿ ಹೇಳುವ ಗೋಜಿಗೆ ಅವಳು ಈವರೆಗೆ ಹೋಗಿರಲಿಲ್ಲ. ಈಗ ಹೇಳಬೇಕಾಯಿತು. ಶೆಲ್ಫಿನಲ್ಲಿ ಇರುವುದು ಕಾರ್ಖಾನೆಯ ಮಾಲಲ್ಲ. ಬ್ರಿಟನ್ನಿನ ಕುಂಬಾರರು ತಮ್ಮ ತಮ್ಮ ಪುಟ್ಟ ಸ್ಟುಡಿಯೋಗಳಲ್ಲಿ ಕೂತು, ತಿಗರಿಯ ಮೇಲೆ ಒಂದೊಂದಾಗಿ ಮಾಡಿದ್ದು. ಮಾಡಿದವರು ಅಡಿಯಲ್ಲಿ ತಮ್ಮ ಮುದ್ರೆ ಒತ್ತಿರುತ್ತಾರೆ. ಅದನ್ನು ಓದಿ ಯಾರ ಕೈಯದೆಂದು ಗುರುತಿಸುವುದರಲ್ಲೇ ಪವನನಿಗೆ ಸುಖ. ಈ ಬೋಗುಣಿ ಅವನಿಗೆ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತ್ತು. ಮೇಲೆ ಬಳಿದ ಗಾಜಿನಂಥ ಮೆರುಗು ತುಂಬಿಕೊಂಡು ಅದರ ಮುದ್ರೆ ಮಸುಕಾಗಿತ್ತು. ಟಾರ್ಚು, ಭೂತಗನ್ನಡಿ ಎಲ್ಲಾ ಹಿಡಿದು ನೋಡಿದರೂ ಅದೇನೆಂದು ತಿಳಿದಿರಲಿಲ್ಲ.

"ಅದನ್ನ ಓದೋಕೆ ಎಷ್ಟು ಒದ್ದಾಡಿದ್ದಾರೆ ಗೊತ್ತಾ? ನೀನು ನೋಡಿದ್ರೆ ಅದರ ಮೇಲೇ ಬಣ್ಣ ಬಳಿದಿದೀಯ."

"ಮುದ್ರೆ ಅಂತ ನನಗೇನು ಕನಸು ಬಿದ್ದಿತ್ತಾ? ಸಣ್ಣ ಗುಳಿ ಥರ ಇತ್ತು. ಗುಳೀಲಿ ಹಾಕಿದ್ರೆ ಎಷ್ಟು ಉಜ್ಜಿದ್ರೂ ಹೋಗಲ್ಲ ಅಂತ ಹಾಕಿದೆ." ನಾಗವೇಣಮ್ಮ ಮುಖ ತಿರುಗಿಸಿದರು. "ಬೈದಾದ್ರೂ ಬಿಡಬಾರದಾ ಅವರು?"

ಅವರಿಗೆ ಚುಚ್ಚಿದ್ದು ಅದೇ. ಬೈಯುವುದಕ್ಕೂ ಒಂದು ಸಲಿಗೆ ಬೇಕು. ಬಂದು ತಿಂಗಳುಗಳಾದರೂ ಈ ಮನೆಯಲ್ಲಿ ಆ ಸಲಿಗೆ ಹುಟ್ಟಿರಲಿಲ್ಲ. ಪವನ ಒಳಗೆ ಬಂದರೆ ಇವರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಅಳಿಯನ ಎದುರು ಕೂರಬಾರದೆಂದು ಅವರ ತಾಯಿ ಕಲಿಸಿದ್ದು. ಇವರು ಎದ್ದರೆಂದು ಅವನೂ ಸಂಕೋಚಪಟ್ಟು ರೂಮಿಗೆ ಹೋಗಿಬಿಡುತ್ತಿದ್ದ. ಹೀಗೆ ಇಬ್ಬರೂ ಮರ್ಯಾದೆ ಕೊಟ್ಟು ಕೊಟ್ಟೇ ಸುಸ್ತಾಗಿದ್ದರು.

"ಕಿರಣನಿಗೆ ಫೋನ್ ಮಾಡು," ಎಂದರು ನಾಗವೇಣಮ್ಮ. "ಬ್ರಿಸ್ಬೇನಿಗೆ ಟಿಕೆಟ್ ತೆಗೀಲಿ. ಅಲ್ಲೇ ಸನ್ನಿಬ್ಯಾಂಕಿನಲ್ಲಿ ಮಗನ ಮನೇಲಿ ಇದ್ದುಬಿಡ್ತೀನಿ. ಇಲ್ಲಿದ್ರೆ ನಾಳೆ ಇನ್ನೇನು ಹಾಳು ಮಾಡ್ತೀನೋ."

ಅನನ್ಯಾ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕಡೆಗೆ ಅವಳೂ ರೇಗಿ, ತಮ್ಮನಿಗೆ ಮೆಸೇಜು ಹಾಕಿದಳು.

ಹೋಗುವ ಮೊದಲು ಮಾಡಿದ ತಪ್ಪನ್ನಾದರೂ ತೊಳೆದು ಹೋಗೋಣವೆಂದು, ಪವನ ಸ್ನಾನಕ್ಕೆ ಹೋದ ಹೊತ್ತು ನೋಡಿ ನಾಗವೇಣಮ್ಮ ಬೋಗುಣಿ ಎತ್ತಿಕೊಂಡರು. ಮಗಳ ನೇಲ್ ಪಾಲಿಶ್ ರಿಮೂವರ್ ಬಾಟಲಿ, ಹತ್ತಿ ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂತರು. ಕಡಲ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಹತ್ತಿಯನ್ನು ಅದ್ದಿ ಹಗುರವಾಗಿ ಒರೆಸಿದರು. ಮೇಲಿನ ಕೆಂಪೆಲ್ಲ ಹತ್ತಿಗೆ ಬಂತು. ಗುಳಿಯೊಳಗಿನದು ಮಾತ್ರ ಬರಲಿಲ್ಲ.

"ಅತ್ತೆ! ಉಜ್ಜಬೇಡಿ!"

ತಲೆಯಿಂದ ನೀರು ಸುರಿಸುತ್ತಾ ಪವನ ಹಿಂದೆ ನಿಂತಿದ್ದ. ನಾಗವೇಣಮ್ಮ ಗಾಬರಿಯಿಂದ ಎದ್ದು ನಿಂತರು. "ಇನ್ನೊಂಚೂರು ಉಳಿದಿದೆ, ಕಡ್ಡೀಲಿ ತೆಗೆದುಬಿಡ್ತೀನಿ. ಅದ್ಯಾಕೋ ಮೀನಿನ ಥರ ಉಳ್ಕೊಂಡಿದೆ ನೋಡಿ."

"ಏನಂದ್ರಿ?"

ಅವನು ಬೋಗುಣಿ ಇಸಿದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದ. ಮಸುಕು ಮುದ್ರೆಯ ಗೆರೆಗಳಲ್ಲಿ ಕೆಂಪು ಇಳಿದು ನಿಂತಿತ್ತು. ಬಾಲ ಮೇಲಕ್ಕೆತ್ತಿದ ಪುಟ್ಟ ಮೀನು, ಅದರ ಕೆಳಗೆ ಒಂದು ಅಲೆ.

"ಇಷ್ಟು ದಿನ ನಾನು ಇದು ಯಾವುದೋ ಅಕ್ಷರ ಅಂದ್ಕೊಂಡಿದ್ದೆ ಅತ್ತೆ. ಮೀನು! ಮೀನಿದು!"

"ಅಯ್ಯಯ್ಯೋ, ಹಬ್ಬದ ದಿನ ಮೀನಿನ ಪಾತ್ರೇಲಿ ಕೋಸಂಬರಿ ಮಾಡಿಬಿಟ್ನಾ!"

ಪವನ ನಕ್ಕುಬಿಟ್ಟ. ಅವನು ಹೀಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾಗವೇಣಮ್ಮ ಕೇಳಿದ್ದು ಅದೇ ಮೊದಲು. ಅಲ್ಲೇ ನಿಂತು ಫೋಟೋ ತೆಗೆದು, ಪರ್ತಿನಲ್ಲಿದ್ದ ಹಳೇ ಸಂಗ್ರಾಹಕನೊಬ್ಬನಿಗೆ ಕಳಿಸಿದ. ಫೋನು ಕೂಡಲೇ ಬಂತು. ಆ ಮುದುಕನ ಸಂಭ್ರಮದ ದನಿ ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

"ಕಾರ್ನ್‌ವಾಲ್ ಅಂತ, ಇಂಗ್ಲೆಂಡಿನ ಕಡಲ ತೀರ," ಎಂದ ಪವನ ಫೋನಿಟ್ಟು. "ಅಲ್ಲಿ ಒಬ್ಬ ಹೆಂಗಸು ಒಬ್ಬಳೇ ಇದ್ಕೊಂಡು ಮಾಡ್ತಿದ್ದಳಂತೆ. ಮಾಡಿದ್ದೂ ಕಡಿಮೆ, ಉಳಿದಿದ್ದೂ ಕಡಿಮೆ. ಈ ಪರ್ತಿನವರ ಹತ್ರ ಅವಳದೊಂದು ಲೋಟ ಇದೆಯಂತೆ, ಅದರ ಅಡೀಲೂ ಇದೇ ಮೀನು."

"ಪಾಪ, ಅವಳೂ ಗುರುತು ಹಾಕಿಟ್ಟಿದ್ದಳು," ಎಂದರು ನಾಗವೇಣಮ್ಮ. ಅವರಿಗೆ ಯಾಕೋ ಕಣ್ಣು ತುಂಬಿತು. "ಇದನ್ನೂ ತೆಗೆದುಬಿಡ್ಲಾ?"

"ಬೇಡ. ಇರ್ಲಿ ಅತ್ತೆ." ಅವನು ಒಳಗೆ ಹೋಗುತ್ತಾ ತಿರುಗಿದ. "ನೇಲ್ ಪಾಲಿಶ್ ಇನ್ನೂ ಇದೆಯಾ? ಮುದ್ರೆ ಓದೋಕಾಗದ್ದು ಇನ್ನೂ ಮೂರಿವೆ."

ಒಳಗೆ ಶೆಲ್ಫಿನ ಗಾಜು ಸರಿಯುವ ಸದ್ದಾಯಿತು. ನಾಗವೇಣಮ್ಮ ಮತ್ತೆ ಮೆಟ್ಟಿಲ ಮೇಲೆ ಕೂತು, ಸೊಂಟದ ಚೀಲದಿಂದ ಕೆಂಪು ಬಾಟಲಿ ತೆಗೆದು ಅಲುಗಾಡಿಸಿ ನೋಡಿದರು. ಅರ್ಧ ಇತ್ತು.

ಅನನ್ಯಾ ಕಿಟಕಿಯಿಂದ ಇಣುಕಿದಳು. "ಅಮ್ಮಾ, ಕಿರಣ ಲೈನಲ್ಲಿದ್ದಾನೆ. ಟಿಕೆಟ್ ಯಾವತ್ತಿಗೆ ಅಂತ ಕೇಳ್ತಿದ್ದಾನೆ."

"ಈಗ ಕೈ ತುಂಬ ಕೆಲಸ ಇದೆ ಅನ್ನು. ಹಾಗೇ ನನ್ನ ಕನ್ನಡಕ ಕೊಡು."

ಪವನ ಎರಡು ಬೋಗುಣಿ, ಒಂದು ಹೂಜಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದ. ನಾಗವೇಣಮ್ಮ ಏಳಲಿಲ್ಲ. ಸೆರಗು ಒತ್ತಿಕೊಂಡು ಮೆಟ್ಟಿಲ ಒಂದು ಪಕ್ಕಕ್ಕೆ ಸರಿದು ಕೂತರು.