ತಲೆಬುರುಡೆಯ ಡಬ್ಬಿ

ಪುರಸಭೆಯ ವಿಷಕಸದ ಲಾರಿ ಚರ್ಚಿನ ಮುಂದೆ ನಿಲ್ಲುವುದು ವರ್ಷಕ್ಕೊಮ್ಮೆ, ಅದೂ ಹದಿನೈದೇ ನಿಮಿಷ. ಐರಾಳ ಮುಂದೆ ಇನ್ನೂ ಇಬ್ಬರಿದ್ದರು. ಹಿಂದೆ, ಒಣಗಿದ ಬಣ್ಣದ ಡಬ್ಬಿಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ನೆರೆಮನೆಯ ಕಲೆರ್ವೊ ಬಂದು ನಿಂತ. ಊರಲ್ಲಿ ಇಷ್ಟು ಜನರಿರುವಾಗ ಇವನೇ ಬರಬೇಕೇ ಎಂದುಕೊಂಡು ಐರಾ ತನ್ನ ಟವೆಲ್ಲಿನ ಗಂಟನ್ನು ಎದೆಗೆ ಅವಚಿಕೊಂಡಳು.

ಗಂಟಿನಲ್ಲಿದ್ದುದು ಇಲಿಪಾಷಾಣದ ಡಬ್ಬಿ, ಮೇಲೊಂದು ತಲೆಬುರುಡೆಯ ಚಿತ್ರ. ಗಂಡ ಟೌನೋ ಅದನ್ನು ಕೊಟ್ಟಿಗೆಯ ಅಟ್ಟದಲ್ಲಿಟ್ಟಿದ್ದ. ಹನ್ನೊಂದು ವರ್ಷದ ಹಿಂದೆ ಕಲೆರ್ವೊನ ನಾಯಿ ಪೆನಿ ಇವರ ಕೋಳಿ ಹಿಡಿದಾಗ, ಅದರ ಸದ್ದಡಗಿಸುತ್ತೇನೆಂದು ಟೌನೋ ಬೇಲಿಯ ಬಳಿ ನಿಂತು ಕೂಗಾಡಿದ್ದ. ವಾರದೊಳಗೆ ಪೆನಿ ಬಾಯಲ್ಲಿ ನೊರೆ ಕಾರಿ ಸತ್ತಿತು. ಕಲೆರ್ವೊ ತುಟಿಪಿಟಕ್ಕೆನ್ನಲಿಲ್ಲ. ಐರಾ ಗಂಡನನ್ನು ಏನೂ ಕೇಳಲಿಲ್ಲ. ಆದರೆ ಆ ವಾರದಿಂದ, ಪ್ರತಿ ಶನಿವಾರ ಹಬೆಕೋಣೆಯಲ್ಲಿ ಅವನ ಜೊತೆ ಹಬೆಯ ಸ್ನಾನಕ್ಕೆ ಕೂರುವುದನ್ನು ಬಿಟ್ಟುಬಿಟ್ಟಳು. ಅವನ ಬೆನ್ನುಜ್ಜಲು ಕೈ ಬರಲಿಲ್ಲ. ಅವನು ಮುಗಿಸಿ ಹೊರಬಂದ ಮೇಲೆ ತಾನೊಬ್ಬಳೇ ಒಳಗೆ ಹೋಗುತ್ತಿದ್ದಳು. ಏಕೆಂದು ಅವನೂ ಕೇಳಲಿಲ್ಲ. ಈ ಮಾರ್ಚಿನಲ್ಲಿ ಅವನು ತೀರಿಕೊಂಡ ಮೇಲೆ ಅಟ್ಟವನ್ನೆಲ್ಲ ಜಾಲಾಡಿದಾಗ ಸಿಕ್ಕ ವಿಷ ಇದೊಂದೇ. ಸರಿಯಾಗಿ ನೋಡುವ ಧೈರ್ಯವೂ ಇಲ್ಲದೆ ಟವೆಲ್ಲಿನಲ್ಲಿ ಸುತ್ತಿಬಿಟ್ಟಿದ್ದಳು.

ಲಾರಿಯಲ್ಲಿದ್ದ ಹುಡುಗಿ ಗಂಟು ಬಿಚ್ಚಿ, ಕೈಗವಸಿನ ಬೆರಳಲ್ಲಿ ಧೂಳೊರೆಸಿ, ಡಬ್ಬಿಯನ್ನು ಬೆಳಕಿಗೆ ತಿರುಗಿಸಿದಳು. ಐರಾ ನೆಲ ನೋಡುತ್ತ, ಪೊಲೀಸರಿಗೆ ತಿಳಿಸುತ್ತೀರಾ ಎಂದು ಕೇಳಿದಳು. ಹುಡುಗಿಗೆ ನಗು ಬಂತು.

"ನಾವು ಯಾರ ಹೆಸರೂ ಕೇಳಲ್ಲಮ್ಮ. ಅದೂ ಅಲ್ದೆ ಇದನ್ನ ಯಾರೂ ತೆಗೆದೇ ಇಲ್ವಲ್ಲ. ನೋಡಿ, ಮುಚ್ಚಳದ ಸುತ್ತ ತಗಡಿನ ಪಟ್ಟಿ ಹಾಗೇ ಇದೆ. ಒಂದ್ಸಲ ತೆಗೆದ್ರೆ ಇದು ಹರಿದು ಬರುತ್ತೆ."

"ಒಂದ್ಸಲನೂ ತೆಗೆದಿಲ್ವಾ?"

"ಒಂದ್ಸಲನೂ ಇಲ್ಲ."

ಐರಾ ಪಕ್ಕಕ್ಕೆ ಸರಿದು ಚರ್ಚಿನ ಕಲ್ಲುಗೋಡೆಯ ಮೇಲೆ ಕುಳಿತಳು. ಎಷ್ಟು ಹಗುರವಾಯಿತೆಂದರೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಲೆರ್ವೊ ಬಣ್ಣದ ಡಬ್ಬಿಗಳನ್ನು ಕೊಟ್ಟು ಬಂದು ಅವಳ ಪಕ್ಕದಲ್ಲಿ ಕುಳಿತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಲಾರಿ ಮುಂದಿನ ಊರಿಗೆ ಹೊರಟುಹೋಯಿತು.

"ನಾನೂ ಅವನೇ ಅಂದ್ಕೊಂಡಿದ್ದೆ," ಎಂದ ಕಲೆರ್ವೊ.

"ನಂಗೊತ್ತು."

"ಹಾವೇ ಕಚ್ಚಿರಬೇಕು. ಆ ವರ್ಷ ಕಲ್ಲುಗುಡ್ಡೆ ತುಂಬಾ ಹಾವಿದ್ವು." ಟೋಪಿಯನ್ನು ತಲೆಗೇರಿಸಿಕೊಂಡು, "ನಾನು ಅವನನ್ನ ಒಂದ್ಮಾತು ಕೇಳಿದ್ರೆ ಆಗ್ತಿತ್ತು, ಐರಾ," ಎಂದ.

"ನಾನೂ ಕೇಳ್ಬೇಕಿತ್ತು."

ಶನಿವಾರ ಮಧ್ಯಾಹ್ನವೇ ಅವಳು ಹಬೆಕೋಣೆಯ ಒಲೆ ಹೊತ್ತಿಸಿದಳು. ಒಲೆಯ ಮೇಲೆ ಕಾದ ಕಲ್ಲುಗಳಿಗೆ ಒಂದು ಸೌಟು ನೀರು ಹೆಚ್ಚಾಗಿಯೇ ಎರಚಿದಳು, ಟೌನೋನಿಗೆ ಹಬೆ ಜೋರಾಗಿರಬೇಕಿತ್ತು. ಕೂರುವ ಮೇಲಿನ ಹಲಗೆಯ ಮೂಲೆಯಲ್ಲಿ, ಅವನು ಒರಗಿ ಒರಗಿ ಗೋಡೆಯ ಮರ ಅವನ ಬೆನ್ನಿನಗಲಕ್ಕೆ ಕಪ್ಪಾಗಿತ್ತು. ಐರಾ ಬ್ರಷ್ಷಿಗೆ ಸೋಪು ಹಚ್ಚಿ, ಬೆಚ್ಚಗಿನ ನೀರು ಹುಯ್ದು, ಆ ಜಾಗವನ್ನು ಮೇಲಿನಿಂದ ಕೆಳಕ್ಕೆ ಅವಸರವಿಲ್ಲದೆ ಉಜ್ಜತೊಡಗಿದಳು.