ಗಡಿಕಲ್ಲಿನ ಮೇಲೆ ಕರಿ ಓತಿಕ್ಯಾತ

ಗುದ್ದಲಿ ಪೂಜೆಗೆ ತೆಂಗಿನಕಾಯಿ, ಹೂವು ಎಲ್ಲ ಹೊಂದಿಸಿಕೊಂಡು ಮಾಗಿಯ ಮುಂಜಾನೆಯ ಚಳಿಯಲ್ಲಿ ಬನವಾಸಿ ಹೊರಗಿನ ನಮ್ಮ ಜಾಗಕ್ಕೆ ಬಂದರೆ, ಗಡಿಕಲ್ಲಿನ ಮೇಲೆ ಓತಿಕ್ಯಾತವೊಂದು ಕೂತಿತ್ತು. ಇದ್ದಿಲಿನಷ್ಟು ಕಪ್ಪು. ನಮ್ಮತ್ತೆ ಸಾವಿತ್ರವ್ವ ಅಲ್ಲೇ ನಿಂತುಬಿಟ್ಟರು.

“ಮೊನ್ನೆ ಮಧ್ಯಾಹ್ನ ಬಂದಾಗ ಇದು ಒಣಹುಲ್ಲಿನ ಬಣ್ಣ ಇತ್ತು. ಇವತ್ತ ಕರ್ರಗ ಆಗೈತಿ. ಭೂಮಿತಾಯಿ ಬ್ಯಾಡ ಅನ್ನಾಕತ್ತಾಳ. ನಡೀರಿ ಮನಿಗೆ.”

ನಮ್ಮ ಮನೆಯವರು ರವೀಂದ್ರ ಎಂದಿನಂತೆ ಕೋಲೆಬಸವನ ಹಾಗೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಅಣ್ಣತಮ್ಮಂದಿರ ಮೂರು ಸಂಸಾರ ಒಂದೇ ಅಡುಗೆಮನೆಯಲ್ಲಿ ಮೊಣಕೈ ತಾಗಿಸಿಕೊಂಡು ಬದುಕುವ ಮನೆ ನಮ್ಮದು. ಸ್ವಂತದ್ದೊಂದು ಸೂರಿಗಾಗಿ ಮದುವೆಯಾದಾಗಿನಿಂದ ಹಂಬಲಿಸಿದವಳು ನಾನು. ಕೈಗೆ ಬಂದ ತುತ್ತನ್ನು ಒಂದು ಓತಿಕ್ಯಾತ ಕಸಿದುಕೊಳ್ಳುವುದೇ?

“ಅತ್ತಿಯವರ, ಬಿಸ್ಲು ಏರೂತನ ಕುಂದರ್ರಿ,” ಎಂದೆ. “ಪಕ್ಕದ ಅನಾನಸ್ ಹೊಲಕ್ಕ ಕಳೆ ತೆಗಿಯಾಕ ಬಂದಾಗೆಲ್ಲ ಇದನ್ನ ನೋಡೀನಿ. ಥಂಡಿ ಇದ್ದಾಗ ಮುಂಜಾನೆ ಕರ್ರಗ ಇರತೈತಿ. ಕರಿ ಮೈ ಬಿಸ್ಲನ್ನ ಜಲ್ದಿ ಹೀರತೈತಿ. ಮೈ ಕಾದಮ್ಯಾಲ ಬಣ್ಣ ತಿಳಿ ಮಾಡ್ಕೊಂತೈತಿ, ಭಾಳ ಸುಡಬಾರದಂತ. ನೀವು ಹೊದ್ದ ಕರಿ ಕಂಬಳಿ ಬಿಸ್ಲಿಗೆ ಬ್ಯಾಗ ಕಾಯೂದಿಲ್ಲೇನು?”

“ನನ್ನನ್ನ ಓತಿಕ್ಯಾತಕ್ಕ ಹೋಲಸ್ತೀಯೇನ, ದಾಕ್ಷಾಯಿಣಿ?” ಅತ್ತೆ ಗದರಿದರು. ಗದರುತ್ತಲೇ ಕೂತರು. ಪೂಜೆಗೆ ಬಂದಿದ್ದ ಅಯ್ಯನವರು, “ಇಡೀ ದಿನ ಚಲೋ ಐತ್ರಿ, ಅವಸರಿಲ್ಲ,” ಎಂದು ನನ್ನ ಜೀವ ಉಳಿಸಿದರು.

ಕಲ್ಲಿನ ಮೇಲೆ ಬಿಸಿಲು ಬಿತ್ತು. ಓತಿಕ್ಯಾತ ರೊಟ್ಟಿ ತಟ್ಟಿದ ಹಾಗೆ ಮೈ ಚಪ್ಪಟೆ ಮಾಡಿ ಬೆನ್ನೊಡ್ಡಿತು. ಬಹಳ ಹೊತ್ತು ಏನೂ ಆಗಲಿಲ್ಲ. ನನ್ನ ಮಾನ ಹೋಯಿತು, ಮನೆಯೂ ಹೋಯಿತು ಅಂದುಕೊಂಡೆ. ಥರ್ಮಾಸಿನ ಚಹಾ ಮುಗಿಯುವಷ್ಟರಲ್ಲಿ ಅದರ ಬೆನ್ನು ಬೂದುಬಣ್ಣಕ್ಕೆ ಬಂತು. ಆಮೇಲೆ ಮೆಲ್ಲಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಸಂತೋಷಕ್ಕೆ ನನಗೆ ಅಳುವೇ ಬಂತು.

ಅತ್ತೆ ಅದರ ಮೇಲಿಂದ ಕಣ್ಣು ಕಿತ್ತಿರಲಿಲ್ಲ. “ಅಯ್ಯ ನನ್ನಪ್ಪಾ, ಥಂಡಿ ಹತ್ತಿತ್ತೇನ ನಿನಗ?” ಎಂದು ಅದನ್ನೇ ಕೇಳಿದರು.

ಪೂಜೆಯಾಯಿತು. ಗುದ್ದಲಿಯ ಮೊದಲ ಏಟು ಅತ್ತೆಯೇ ಹಾಕಿದರು. ನಾವು ಬೇರೆ ಮನೆ ಮಾಡಿದ ಮೇಲೆ ಮೂವರು ಮಕ್ಕಳಲ್ಲಿ ಯಾರ ಜೊತೆ ಇರುತ್ತೀರೆಂದು ಎಷ್ಟು ಸಲ ಕೇಳಿದ್ದರೂ ಅವರು ಬಾಯಿ ಬಿಟ್ಟಿರಲಿಲ್ಲ. ಈಗ ಸೆರಗಿಗೆ ಕೈಮಣ್ಣು ಒರೆಸಿಕೊಂಡು, ಮೇಸ್ತ್ರಿಯನ್ನು ಕರೆದು ಮೂಡಣಕ್ಕೆ ಕೈ ತೋರಿಸಿದರು.

“ನನ್ನ ಖೋಲಿ ಕಿಡಕಿ ಈ ಕಡೆ ಇಡಪಾ. ಮುಂಜಾನೆ ನನಗೂ ಭಾಳ ಥಂಡಿ ಹತ್ತತೈತಿ.”