ದೇವನಹಳ್ಳಿಗೆ ಹೋಗಿ ಬಂದ ಬಾಗಿಲು

ಅಕ್ಷತಳಿಗೆ ಅಳತೆ ಟೇಪಿನ ಮೇಲೆ ನಂಬಿಕೆ ಹೋಗಿದ್ದು ಪಕ್ಕದ ಮನೆಯ ಆದಿನಾರಾಯಣಪ್ಪನವರ ಮಂಚದಿಂದ. ಅಳೆದು ಅಳೆದು ಮಾಡಿಸಿದ ತೇಗದ ಮಂಚ. ಬಾಗಿಲಿಗೆ ಬಂದಾಗ ಅಡ್ಡ ತಿರುಗಿಸಿದರೂ ಒಳಗೆ ಹೋಗಲಿಲ್ಲ, ಉದ್ದಕ್ಕೆ ನಿಲ್ಲಿಸಿದರೂ ಹೋಗಲಿಲ್ಲ. ಈಗ ಅದು ಜಗಲಿಯಲ್ಲೇ ಇದೆ. ಬಂದವರೆಲ್ಲ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಆದಿನಾರಾಯಣಪ್ಪನವರು ಒಳಗೆ ಚಾಪೆಯ ಮೇಲೆ ಮಲಗುತ್ತಾರೆ.

ಆದ್ದರಿಂದ, ಕೋಳಿ ಶೆಡ್ಡಿಗೆ ಒಂದು ಹಳೇ ಸ್ಕಿಡ್ ಲೋಡರ್ ನೋಡಲು ದೇವನಹಳ್ಳಿಗೆ ಹೊರಟ ಬೆಳಿಗ್ಗೆ ಅವಳು ಗಂಡ ಮುನಿಕೃಷ್ಣನಿಗೆ ಹೇಳಿದಳು: "ರೀ, ಬಾಗ್ಲನ್ನೇ ತಗೊಂಡು ಹೋಗೋಣ."

"ಯಾವ ಬಾಗ್ಲು?"

"ಶೆಡ್ಡಿಂದು. ಚೌಕಟ್ಟು ಸಮೇತ."

ಮುನಿಕೃಷ್ಣ ಅವಳ ಮುಖ ನೋಡಿದ. "ಚಪ್ಪಲಿ ತಗೊಳ್ಳೋಕೆ ಹೋಗುವಾಗ ಕಾಲು ತಗೊಂಡು ಹೋಗ್ತೀವಿ, ಸರಿ. ಬಾಗ್ಲು ಹೊತ್ಕೊಂಡು ಯಾರಾದ್ರೂ ಹೋಗ್ತಾರೇನೇ?"

"ಕಾಲು ಬಿಟ್ಟು ಹೋದೋರು ಕಚ್ಚೋ ಚಪ್ಪಲಿ ತರ್ತಾರೆ."

ಬಿ.ಕಾಂ. ಓದಿದ ಹೆಂಡತಿಯ ಜೊತೆ ಗಾದೆಯಲ್ಲಿ ಗೆಲ್ಲುವುದು ಕಷ್ಟವೆಂದು ಮದುವೆಯಾದ ವರ್ಷವೇ ಅರಿತಿದ್ದ ಮುನಿಕೃಷ್ಣ ಸ್ಪ್ಯಾನರ್ ಹುಡುಕಲು ಹೋದ.

ಸ್ಕಿಡ್ ಲೋಡರ್ ಎಂದರೆ ಅವರ ಊರು ಮಧುರೆಯ ಕಡೆಯವರ ಬಾಯಲ್ಲಿ ಮರಿ ಜೆಸಿಬಿ. ಮುಂದೆ ಒಂದು ಅಗಲ ಬಕೆಟ್, ನಡುವೆ ಒಬ್ಬರು ಮುದುರಿಕೊಂಡು ಕೂರುವಷ್ಟು ಗೂಡು, ಸ್ಟಿಯರಿಂಗ್ ಬದಲು ಎರಡು ಹಿಡಿಗಳು. ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುತ್ತದೆ. ವಿಮಾನ ನಿಲ್ದಾಣ ಕಟ್ಟುವಾಗ ಇಂಥವು ರಾಶಿ ರಾಶಿ ಬಂದಿದ್ದವು. ಕಟ್ಟಿ ಮುಗಿದ ಮೇಲೆ ದೇವನಹಳ್ಳಿಯ ಸುತ್ತ ಖಾಲಿ ಸೈಟುಗಳಲ್ಲಿ ಮಾರಾಟಕ್ಕೆ ನಿಂತಿದ್ದವು. ಅತ್ತ ಮೆಷಿನ್ನುಗಳು ಹೊರಗೆ ಬಂದರೆ ಇತ್ತ ಊರಿನಲ್ಲಿ ಕೋಳಿಗೊಬ್ಬರ ಎತ್ತುತ್ತಿದ್ದ ಆಳುಗಳೆಲ್ಲ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ನಿಲ್ದಾಣದಲ್ಲಿ ಟ್ರಾಲಿ ತಳ್ಳಲು ಒಳಗೆ ಹೋಗಿದ್ದರು.

ಮುನಿಕೃಷ್ಣನೂ ವರ್ಷದಿಂದ ಅಲ್ಲಿಗೇ ರಾತ್ರಿ ಪಾಳಿಯ ಕ್ಯಾಬ್ ಓಡಿಸುತ್ತಿದ್ದ. ಅವನು ಬರುವ ತನಕ ಅಕ್ಷತ ದಿಂಬಿನ ಪಕ್ಕ ಫೋನಿಟ್ಟುಕೊಂಡು, ಹೆದ್ದಾರಿಯ ಪ್ರತಿ ಹಾರನ್ನಿಗೂ ಕಿವಿ ಕೊಡುತ್ತ ಮಲಗಿರುತ್ತಿದ್ದಳು. ಒಮ್ಮೆ ಅವನು ಸ್ಟಿಯರಿಂಗ್ ಹಿಡಿದೇ ತೂಕಡಿಸಿದ್ದನ್ನು ನಗುತ್ತ ಹೇಳಿದಾಗ ಅವಳಿಗೆ ನಗು ಬಂದಿರಲಿಲ್ಲ. ಈಗ ಗಂಡ ಹೆಂಡಿರ ನಡುವೆ ಒಪ್ಪಂದವಾಗಿತ್ತು. ಮುಂದಿನ ವಾರ ಕಂಪನಿಯವರು ಕೋಳಿಮರಿ ಇಳಿಸಲು ಬರುತ್ತಾರೆ. ಅಷ್ಟರೊಳಗೆ ಮೆಷಿನ್ನಿನಿಂದ ಶೆಡ್ಡಿನ ಹಳೇ ಗೊಬ್ಬರ ಖಾಲಿಯಾದರೆ ಅವನು ಕ್ಯಾಬ್ ಬಿಟ್ಟು ಕೋಳಿ ನೋಡಿಕೊಳ್ಳುತ್ತಾನೆ. ಆಗದಿದ್ದರೆ ಮತ್ತೆ ರಾತ್ರಿ ಪಾಳಿ. ಮೆಷಿನ್ನು ಶೆಡ್ಡಿನೊಳಗೆ ಹೋಗಲೇಬೇಕಾಗಿತ್ತು. ಅದಕ್ಕೇ ಬಾಗಿಲು ಹೊರಟಿತು.

ಚೌಕಟ್ಟಿನ ಬೋಲ್ಟು ಬಿಚ್ಚುವಾಗ ಮಾವ ಚಿಕ್ಕಬೀರಪ್ಪ ಬೇವಿನಕಡ್ಡಿ ಅಗಿಯುತ್ತ ಬಂದು ನಿಂತರು. ಆ ಬಾಗಿಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ದಕ್ಷಿಣಕ್ಕೆ ಬಾಗಿಲಿಟ್ಟರೆ ಯಮನಿಗೆ ಎಲೆಯಡಿಕೆ ಕೊಟ್ಟು ಕರೆದ ಹಾಗೆ, ಅದಕ್ಕೇ ಕೋಳಿ ಸಾಯುತ್ತವೆ ಎಂದು ಶೆಡ್ಡು ಕಟ್ಟಿದ ದಿನದಿಂದ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ.

"ಬಾಗ್ಲು ತೆಗೀತಿದ್ದೀರೇನಮ್ಮಾ?"

"ಹೂಂ ಮಾವ."

"ತೆಗೀರಿ, ತೆಗೀರಿ. ಒಳ್ಳೇ ಕೆಲಸ. ನಾನೇನೂ ಕೇಳಾಕಿಲ್ಲ."

ಹೇಳಿ ನಕ್ಕರು. ಮಾವ ಬೆಳಿಗ್ಗೆ ಹೊತ್ತು ನಗುವವರಲ್ಲ. ಏನೋ ಇದೆ ಎಂದು ಅಕ್ಷತಳಿಗೆ ಅನ್ನಿಸಿತು. ನಿಂತು ವಿವರಿಸಬೇಕೆಂದುಕೊಳ್ಳುವಷ್ಟರಲ್ಲಿ ಟೆಂಪೋದವನು ಹಾರನ್ ಒತ್ತಿದ. ಆ ನಗು ದೇವನಹಳ್ಳಿಯ ತನಕ ಅವಳ ಜೊತೆ ಬಂತು.

ವಿಜಯಪುರದ ರಸ್ತೆಯಲ್ಲಿ ಅಸದುಲ್ಲಾ ಅವರ ಯಾರ್ಡು. ಟೆಂಪೋದಿಂದ ಬಾಗಿಲು ಇಳಿದದ್ದನ್ನು ಕಂಡು ಅವರು ಕನ್ನಡಕ ಹಣೆಗೇರಿಸಿದರು. "ಗುಜರಿ ಅಂಗಡಿ ಮುಂದಿನ ಗಲ್ಲೀಲಿ ಮೇಡಂ."

"ಮಾರೋಕಲ್ಲ. ನಿಮ್ಮ ಮೆಷಿನ್ನು ಇದರೊಳಗೆ ನುಗ್ಗಬೇಕು."

ಅಸದುಲ್ಲಾ ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಹೆಣ್ಣು ನೋಡೋಕೆ ಹೊಸಿಲು ಹೊತ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು," ಎಂದು, ಯಾರ್ಡಿನ ಡ್ರೈವರ್ ತಬ್ರೇಜ್‌ನನ್ನು ಕೂಗಿ ಕರೆದರು.

ಅಷ್ಟು ಹೊತ್ತಿಗೆ ಮುನಿಕೃಷ್ಣ ಒಂದು ದೊಡ್ಡ ಮೆಷಿನ್ನಿನೊಳಗೆ ಕೂತುಬಿಟ್ಟಿದ್ದ. "ಅಕ್ಷತಾ, ಎ.ಸಿ. ಐತೆ ಕಣೇ!"

"ಕೋಳಿಗೊಬ್ಬರಕ್ಕಾ?"

"ಗೊಬ್ಬರಕ್ಕಲ್ಲ, ನಂಗೆ. ಹಾಡೂ ಬರ್ತದೆ!"

"ಇಳೀರಿ. ಬಂದು ಬಾಗ್ಲು ಹಿಡ್ಕೊಳ್ಳಿ."

ಒಂದು ಕಡೆ ಮುನಿಕೃಷ್ಣ, ಇನ್ನೊಂದು ಕಡೆ ಅಸದುಲ್ಲಾ ಚೌಕಟ್ಟನ್ನು ನೆಟ್ಟಗೆ ಹಿಡಿದು ನಿಂತರು. ತಬ್ರೇಜ್ ದೊಡ್ಡ ಮೆಷಿನ್ನನ್ನು ತಂದ. ಬಕೆಟ್ ಎರಡೂ ಅಂಚಿಗೆ ತಾಗಿತು. ಅವನು ಗಮನಿಸಲಿಲ್ಲ. ಬಾಗಿಲು ಹಿಂದೆ ಸರಿಯಿತು, ಬಾಗಿಲು ಹಿಡಿದವರೂ ಸರಿದರು. ಇಬ್ಬರು ದೊಡ್ಡ ಮನುಷ್ಯರು ಒಂದು ಬಾಗಿಲನ್ನು ಅಪ್ಪಿಕೊಂಡು ಯಾರ್ಡಿನ ಉದ್ದಕ್ಕೂ ಹಿಮ್ಮುಖವಾಗಿ ಓಡಿದರು.

"ನಿಲ್ಸೋ ಗುರೂ! ನಿಲ್ಸೋ!"

"ಬಂದ್ ಕರೋ ರೇ!"

ಟೈರುಗಳ ಗುಡ್ಡೆ ತಡೆದಾಗ ಎಲ್ಲರೂ ನಿಂತರು. ಎ.ಸಿ.ಯ ಆಸೆ ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಸಣ್ಣದೊಂದಿತ್ತು. ಬಣ್ಣ ಹೋಗಿತ್ತು, ಒಂದು ದೀಪ ಒಡೆದಿತ್ತು, ಸೀಟಿನಿಂದ ಸ್ಪಂಜು ಇಣುಕುತ್ತಿತ್ತು. ಅದು ಮಾತ್ರ ಬಾಗಿಲ ನಡುವೆ, ಎರಡೂ ಬದಿ ನಾಲ್ಕು ನಾಲ್ಕು ಬೆರಳು ಜಾಗ ಬಿಟ್ಟು, ಮನೆ ಬೆಕ್ಕಿನಂತೆ ತೂರಿ ಹೋಯಿತು. ಗೂಡಿನ ತಲೆಯೂ ತಾಗಲಿಲ್ಲ.

ಅಕ್ಷತಳಿಗೆ ಅಷ್ಟು ಸಲೀಸಾಗಿ ಆದದ್ದರ ಮೇಲೂ ಅನುಮಾನ. ಹಿಂದೆ ಹೋಗಿ ಎಂಜಿನ್ನಿನ ಮುಚ್ಚಳ ಮುಟ್ಟಿದಳು. ಸುಡುತ್ತಿತ್ತು. "ಈಗ ತಾನೇ ಹತ್ತು ಹೆಜ್ಜೆ ನಡೆದದ್ದು. ಇಷ್ಟು ಬಿಸಿ ಹೇಗೆ? ನಾವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ರಾ?"

ಅಸದುಲ್ಲಾ ನಾಚಲಿಲ್ಲ. "ನೋಡೋಕೆ ಬರ್ತಾರೆ ಅಂದ್ರೆ ಹೆಣ್ಣಿನ ಮನೇಲಿ ಮುಖ ತೊಳ್ಸಿ ಹೂ ಮುಡಿಸಲ್ವಾ ಮೇಡಂ?"

"ನಾವು ಮುಖ ತೊಳೀದೇ ಇರೋದನ್ನೂ ನೋಡ್ಬೇಕು. ತಣ್ಣಗಾಗಲಿ."

ಅವಳು ಮೆಷಿನ್ನಿನ ಕೆಳಗೆ ದಿನಪತ್ರಿಕೆ ಹಾಸಿ, ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಟೀ ಬಂತು, ಮತ್ತೆ ಟೀ ಬಂತು. ಗಂಡ ಊಟಕ್ಕೆ ಕರೆದರೂ ಏಳಲಿಲ್ಲ. ಎದ್ದ ಗಳಿಗೆಯಲ್ಲಿ ತಬ್ರೇಜ್ ಕೀಲಿ ತಿರುಗಿಸಿಬಿಟ್ಟರೆ? ಮೈ ಪೂರ್ತಿ ತಣ್ಣಗಾದ ಮೇಲೆ ಮೆಷಿನ್ನು ಎರಡು ಸಲ ಕೆಮ್ಮಿತು, ಒಂದು ಉಂಡೆ ಹೊಗೆ ಬಿಟ್ಟಿತು, ಆಮೇಲೆ ಗುಡುಗುಡು ಎಂದು ಎದ್ದು ನಿಂತಿತು. ಪತ್ರಿಕೆಯ ಮೇಲೆ ಒಂದೇ ಒಂದು ಎಣ್ಣೆಯ ಕಲೆ.

"ಇದೇನು ಭಾಯ್?"

"ಅದು ಆಯಿಲ್ ಅಲ್ಲ ಮೇಡಂ," ಎಂದರು ಅಸದುಲ್ಲಾ, "ನನ್ನ ಕಣ್ಣೀರು." ಆದರೂ ಸೋರುತ್ತಿದ್ದ ಪೈಪನ್ನು ಅಲ್ಲೇ ಬದಲಾಯಿಸಿಕೊಟ್ಟು, ಹೊರಡುವಾಗ ಚೌಕಟ್ಟನ್ನು ತಾವೇ ಹಗ್ಗದಿಂದ ಕಟ್ಟಿಕೊಟ್ಟರು.

ಮೆಷಿನ್ನಿನ ಲಾರಿ ಮುಂದೆ, ಬಾಗಿಲಿನ ಟೆಂಪೋ ಹಿಂದೆ, ಮೆರವಣಿಗೆಯಂತೆ ಊರು ಸೇರಿತು. ಟೆಂಪೋದಿಂದಿಳಿದ ಅಕ್ಷತ ಶೆಡ್ಡಿನ ಕಡೆ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬೆಳಿಗ್ಗೆ ಬಾಗಿಲು ಬಿಚ್ಚಿದ ಜಾಗದಲ್ಲಿ ಗೋಡೆಯಿತ್ತು. ಮೇಲಿನ ತನಕ ನೀಟಾದ ಗೋಡೆ, ನಡುವೆ ಅರಿಸಿನ ಕುಂಕುಮ. ಪಕ್ಕದಲ್ಲಿ ಮೊಣಕೈವರೆಗೆ ಸಿಮೆಂಟ್ ಮೆತ್ತಿಕೊಂಡ ಚಿಕ್ಕಬೀರಪ್ಪ, ಮದುವೆ ಮಾಡಿ ಮುಗಿಸಿದವರ ಕಳೆಯಲ್ಲಿ ನಿಂತಿದ್ದರು.

"ಮಾವ... ಬಾಗ್ಲೆಲ್ಲಿ?"

"ನಿಮ್ಮ ಗಾಡೀಲೈತಲ್ಲಮ್ಮಾ."

"ಅಲ್ಲ, ಬಾಗ್ಲಿನ ಜಾಗ!"

"ಮುಚ್ಚಿಬಿಟ್ಟೆ! ಕೊನೇಗೂ ನನ್ನ ಮಾತಿಗೆ ಬೆಲೆ ಕೊಟ್ಟು ದಕ್ಷಿಣದ ಬಾಗ್ಲು ಕಿತ್ತಿರಲ್ಲಾ. ನೀವು ಬರೋದ್ರೊಳಗೆ ಮುಗಿಸಿ ಖುಷಿಪಡಿಸೋಣ ಅಂತ ಬಿಸ್ಲಲ್ಲಿ ನಿಂತು ಕಟ್ಟಿದೀನಿ. ಹೆಂಗೈತೆ?"

ಇಡೀ ದೇವನಹಳ್ಳಿಯಲ್ಲಿ ಆ ಬಾಗಿಲಿಗೆ ಸರಿಹೋದ ಒಂದೇ ಮೆಷಿನ್ನು ಲಾರಿಯ ಮೇಲಿತ್ತು; ಬಾಗಿಲಿಗೆ ಸರಿಹೋಗಲು ಗೋಡೆಯಲ್ಲಿ ಜಾಗವಿರಲಿಲ್ಲ. ಮುನಿಕೃಷ್ಣ ಮೆಲ್ಲಗೆ ಜೇಬಿಗೆ ಕೈ ಹಾಕಿದ. "ಕ್ಯಾಬ್ ಓನರ್‌ಗೆ ಒಂದು ಫೋನ್ ಮಾಡ್ಬಿಡ್ಲಾ?"

ಆ ಮಾತು ಕೇಳಿದ್ದೇ ತಡ, ಅಕ್ಷತಳ ಗಾಬರಿಯೆಲ್ಲ ಕೋಪವಾಯಿತು. "ಹತ್ತಿ," ಎಂದಳು.

"ಎಲ್ಲಿಗೆ?"

"ಮೆಷಿನ್ನಿಗೆ. ಸಿಮೆಂಟು ಹಸೀ ಇದೆ."

ಚಿಕ್ಕಬೀರಪ್ಪ ತಮ್ಮ ಗೋಡೆಗೆ ಅಡ್ಡ ನಿಂತರು. ಅತ್ತರು, ಬೈದರು, ಯಮನ ಹೆಸರು ಹೇಳಿದರು. ಆದರೆ ಹೊಸ ಗಾಡಿ ನಿಂಬೆಹಣ್ಣಿಲ್ಲದೆ ಚಕ್ರ ಉರುಳಿಸುವುದು ಅದಕ್ಕಿಂತ ದೊಡ್ಡ ಅಪಶಕುನ ಎಂದು ಹೊಳೆದು, ಅವರೇ ಓಡಿಹೋಗಿ ನಾಲ್ಕು ನಿಂಬೆಹಣ್ಣು ತಂದು ಚಕ್ರಗಳಡಿ ಇಟ್ಟರು.

ಮುನಿಕೃಷ್ಣ ಹಿಡಿಗಳನ್ನು ನೂಕಿದ. ನಿಂಬೆಹಣ್ಣು ಪಚಕ್ಕೆಂದವು. ವರ್ಷವಿಡೀ ಕಾರು ಓಡಿಸಿದ ಕಾಲು ಬ್ರೇಕ್ ಹುಡುಕಿತು, ಸಿಗಲಿಲ್ಲ. ಗಾಬರಿಯಲ್ಲಿ ಒಂದು ಹಿಡಿಯನ್ನು ಜಗ್ಗಿದ. ಮೆಷಿನ್ನು ಹಸಿಗೋಡೆಗೆ ಬೆನ್ನು ತಿರುಗಿಸಿ, ಶೆಡ್ಡಿನ ಮೂಲೆ ಸುತ್ತಿ, ಆಚೆ ಬದಿಯ ಹಳೇ ಗೋಡೆಗೆ ನೆಟ್ಟಗೆ ನುಗ್ಗಿತು.

"ರೀ!" ಎಂದು ಅಕ್ಷತ ಓಡಿದಳು.

ಧೂಳು. ಇಟ್ಟಿಗೆ ಉರುಳುವ ಸದ್ದು. ಆಮೇಲೆ ಧೂಳಿನೊಳಗಿಂದ ಒಂದು ದನಿ: "ನಾನು ಒಳಗಿದೀನಿ ಕಣೇ! ಮೆಷಿನ್ನೂ ಒಳಗೈತೆ!"

ಸೂರು ಕಂಬಗಳ ಮೇಲಿದ್ದುದರಿಂದ ಅಲುಗಲಿಲ್ಲ. ಮೀಸೆಗೆ ಸುಣ್ಣ ಹತ್ತಿದ್ದ ಗಂಡನನ್ನು ಅವಳು ತಲೆಯಿಂದ ಪಾದದವರೆಗೆ ತಡವಿ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಚಿಕ್ಕಬೀರಪ್ಪ ಬಂದರು. ಒಡೆದ ಗೋಡೆ ನೋಡಿದರು, ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

"ಪೂರ್ವ!" ಎಂದು ಕೈಮುಗಿದರು. "ಲೇ ಮುನಿ, ನಿನಗಿಲ್ಲದ ಬುದ್ಧಿ ಈ ಮೆಷಿನ್ನಿಗೈತಲ್ಲೋ!"

ಆ ಕಂಡಿಯಲ್ಲಿ ಎ.ಸಿ. ಮೆಷಿನ್ನೇ ಆರಾಮಾಗಿ ಓಡಾಡಬಹುದಿತ್ತು. ಮುನಿಕೃಷ್ಣನಿಗೂ ಅದು ಹೊಳೆದಿರಬೇಕು. ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ತುಸು ಹೊತ್ತಿನಲ್ಲೇ ಹಿಡಿಗಳು ಕೈಗೆ ಬಂದವು. ಕತ್ತಲಾಗುವ ಮುಂಚೆ ಅರ್ಧ ಶೆಡ್ಡಿನ ಗೊಬ್ಬರ ಹೊರಗೆ ಬಿದ್ದಿತ್ತು.

ಹೊಸ ಕಂಡಿಗೆ ಎಷ್ಟೋ ಚಿಕ್ಕದಾದ ಬಾಗಿಲು ಹುಣಸೆಮರಕ್ಕೆ ಒರಗಿ ನಿಂತಿತ್ತು. ಆದಿನಾರಾಯಣಪ್ಪನವರು ಬಂದು ಅದನ್ನು ಸುತ್ತಿ ಸುತ್ತಿ ನೋಡಿದರು. "ಅಕ್ಷತಮ್ಮಾ, ಇದೊಂದು ದಿನ ನಮ್ಮನೆಗೆ ಕೊಡ್ತೀಯಾ? ಇದರೊಳಗೆ ಮಂಚ ಹೋಯ್ತು ಅಂದ್ರೆ, ಮನೆ ಬಾಗ್ಲನ್ನೇ ಕಿತ್ತಾಕಿ ಇದನ್ನ ಕೂರಿಸಿಬಿಡ್ತೀನಿ."

"ಅಳ್ತೆ ನೋಡ್ಕೊಂಡು ಮಾಡಿ, ದೊಡ್ಡಪ್ಪ," ಎಂದಳು ಅಕ್ಷತ.

ಮುನಿಕೃಷ್ಣ ಪಕ್ಕದ ಮನೆಯ ಜಗಲಿಯ ಆ ಮಂಚದ ಮೇಲೆಯೇ, ಗೊಬ್ಬರದ ವಾಸನೆಯ ಬಟ್ಟೆಯಲ್ಲೇ ಬಿದ್ದು ಗೊರಕೆ ಹೊಡೆಯುತ್ತಿದ್ದ. ರಾತ್ರಿ ಪಾಳಿಗೆ ಹೊರಡುವ ಹೊತ್ತಾಗಿತ್ತು. ಅಕ್ಷತ ಸ್ವಲ್ಪ ಹೊತ್ತು ಆ ಗೊರಕೆ ಕೇಳುತ್ತ ನಿಂತಳು. ಆಮೇಲೆ ತಮ್ಮ ಮನೆಯೊಳಗೆ ಹೋಗಿ, ದಿನವೂ ದಿಂಬಿನ ಪಕ್ಕ ಇಡುತ್ತಿದ್ದ ಫೋನನ್ನು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಹಿಂದೆ ಇಟ್ಟು, ಕಂಡಿಗೆ ನಾಯಿ ನುಗ್ಗದ ಹಾಗೆ ಅಡ್ಡ ಏನು ಕಟ್ಟುವುದೆಂದು ಯೋಚಿಸುತ್ತ ಹೊರಗೆ ಬಂದಳು. ಅಷ್ಟರಲ್ಲೇ ಮಾವ ಕಂಡಿಯ ಮುಂದೆ ಇಟ್ಟಿಗೆ ಜೋಡಿಸಿಕೊಂಡು ಕರಣೆ ಹಿಡಿದು ನಿಂತಿದ್ದರು.

"ಮಾವಾ, ಬೇಡ!" ಎಂದು ಓಡಿದಳು.